ಒಂದೇ ಕೋಡಿನಲ್ಲಿ ಟ್ಯಾಬ್ ಮತ್ತು ಫೋನ್: ಡೇರಿಯ ಆ್ಯಪ್‌ಗೆ ಯಾವ ಫ್ರೇಮ್‌ವರ್ಕ್ ಆರಿಸಿಕೊಳ್ಳಬೇಕು?

ಕೋರಿಕೆ

ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಆ್ಯಪ್ ಮಾಡಿಕೊಡಲು ನಾವಿಬ್ಬರು ಗೆಳೆಯರು ಒಪ್ಪಿಕೊಂಡಿದ್ದೇವೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಅಳೆಯುವ ಹೊತ್ತಿನಲ್ಲಿ ಕಾರ್ಯದರ್ಶಿಯವರು 10 ಇಂಚಿನ ಆಂಡ್ರಾಯ್ಡ್ ಟ್ಯಾಬಿನಲ್ಲಿ ತೂಕ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ದಾಖಲಿಸಿ, ಕನ್ನಡದಲ್ಲಿಯೇ ಚೀಟಿ ಮುದ್ರಿಸಿ ಕೊಡಬೇಕು. ಹಾಲು ಹಾಕುವವರು ತಮ್ಮ ಲೆಕ್ಕವನ್ನು ಫೋನಿನಲ್ಲಿ ನೋಡಿಕೊಳ್ಳುವಂತಿರಬೇಕು. ಅವರಲ್ಲಿ ನಾಲ್ಕೈದು ಮಂದಿಯ ಬಳಿ ಐಫೋನ್ ಇದೆ. ಊರಿನಲ್ಲಿ ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ. ನಮಗೆ ಜಾವಾಸ್ಕ್ರಿಪ್ಟ್ ಚೆನ್ನಾಗಿ ಬರುತ್ತದೆ, ಆಂಡ್ರಾಯ್ಡ್ ಆ್ಯಪ್ ಬರೆಯುವ ಭಾಷೆಯಾದ ಕೋಟ್ಲಿನ್ ಅಷ್ಟಕ್ಕಷ್ಟೆ. ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟಲು ನೆರವಾಗುವ ಸಲಕರಣೆಗಳಾದ (ಫ್ರೇಮ್‌ವರ್ಕ್) ಫ್ಲಟರ್, ರಿಯಾಕ್ಟ್ ನೇಟಿವ್ ಮತ್ತು ಅಯಾನಿಕ್ ಈ ಮೂರರ ನಡುವೆ ತೂಗಾಡುತ್ತಿದ್ದೇವೆ. ಇಂಥ ಕೆಲಸ ಮಾಡಿದವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಫ್ಲಟರ್ ಬಳಸುತ್ತಿರುವವರು

ಎರಡು ವರ್ಷಗಳಿಂದ ಇಂಥದೇ ಒಂದು ಆ್ಯಪನ್ನು, ಹಾಲಿನ ಬದಲು ಅಡಿಕೆಯ ತೂಕಕ್ಕೆ, ಫ್ಲಟರ್‌ನಲ್ಲಿ ನಡೆಸಿಕೊಂಡು ಬಂದಿದ್ದೇನೆ. ಫ್ರೇಮ್‌ವರ್ಕಿನ ಮಾತಿಗೆ ಮೊದಲು, ಸಂಘದವರು ಬಳಸಲಿರುವ ಪ್ರಿಂಟರನ್ನೂ ತೂಕದ ಯಂತ್ರವನ್ನೂ ತಂದು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಿ. ಪಟ್ಟಿ, ಗುಂಡಿ, ನಮೂನೆಗಳಿರುವ ಪರದೆಗಳನ್ನು ತಾವು ಹೇಳಿದ ಮೂರರಲ್ಲಿಯೂ ಒಂದು ವಾರದಲ್ಲಿ ಕಟ್ಟಬಹುದು. ನಮ್ಮ ತಿಂಗಳುಗಳು ಕಳೆದದ್ದು ಯಂತ್ರಗಳೊಂದಿಗೆ ಹೆಣಗುವುದರಲ್ಲಿ.

58 ಮಿಲಿಮೀಟರ್ ಕಾಗದದ ಅಗ್ಗದ ಬ್ಲೂಟೂತ್ ಥರ್ಮಲ್ ಪ್ರಿಂಟರುಗಳಿಗೆ ಇಂಗ್ಲಿಷ್ ಪಠ್ಯ ಕಳಿಸಿದರೆ, ಅವು ತಮ್ಮೊಳಗಿನ ಅಚ್ಚಿನಿಂದಲೇ ಮುದ್ರಿಸುತ್ತವೆ. ಕನ್ನಡದ ಅಚ್ಚು ಅವುಗಳಲ್ಲಿ ಇರುವುದಿಲ್ಲವಾದ್ದರಿಂದ, ನಮ್ಮ ಮೊದಲ ಚೀಟಿಯಲ್ಲಿ ರೈತರ ಹೆಸರಿನ ಜಾಗದಲ್ಲಿ ಯಾರಿಗೂ ಅರ್ಥವಾಗದ ಗುರುತುಗಳ ಸಾಲೊಂದು ಬಂದಿತ್ತು. ಕೊನೆಗೆ ಇಡೀ ಚೀಟಿಯನ್ನು 384 ಚುಕ್ಕೆ ಅಗಲದ ಕಪ್ಪು-ಬಿಳುಪು ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನೇ ಪ್ರಿಂಟರಿಗೆ ಕಳಿಸುವ ದಾರಿ ಹಿಡಿದೆವು. ಫ್ಲಟರ್ ನಮಗೆ ನಿಜವಾಗಿ ನೆರವಾದದ್ದು ಇಲ್ಲಿ. ಅದು ಆಂಡ್ರಾಯ್ಡಿನ ಅಥವಾ ಐಒಎಸ್‌ನ ಸಿದ್ಧ ಗುಂಡಿಗಳನ್ನು ಬಳಸದೆ ಪರದೆಯ ಪ್ರತಿಯೊಂದು ಚುಕ್ಕೆಯನ್ನೂ ತಾನೇ ಬಿಡಿಸುವ ವ್ಯವಸ್ಥೆಯಾದ್ದರಿಂದ, ಪರದೆಗೆ ಅಕ್ಷರ ಬರೆಯುವ ಅದೇ ಕೋಡಿನಿಂದ ಚೀಟಿಯ ಚಿತ್ರವನ್ನೂ ಪಡೆಯಲು ಸಾಧ್ಯವಾಯಿತು. ಆದರೆ ತೂಕದ ಯಂತ್ರಕ್ಕೆ ಸರಿಹೊಂದುವ ಪ್ಲಗಿನ್ (ಬೇರೆಯವರು ಬರೆದಿಟ್ಟ, ಆ್ಯಪ್‌ಗೆ ಜೋಡಿಸಿಕೊಳ್ಳುವ ಸಿದ್ಧ ಕೋಡು) ಸಿಗಲಿಲ್ಲ. ಯುಎಸ್‌ಬಿ ಸೀರಿಯಲ್ ಕೇಬಲಿನಿಂದ ಅಂಕಿಗಳನ್ನು ಓದುವ ಭಾಗವನ್ನು ಕೋಟ್ಲಿನ್‌ನಲ್ಲಿ ನಾವೇ ಬರೆದು, ಫ್ಲಟರ್‌ನ ಭಾಷೆಯಾದ ಡಾರ್ಟ್‌ನ ಕೋಡಿಗೆ ಜೋಡಿಸಿದೆವು. ಆದ್ದರಿಂದ ಯಾವ ಫ್ರೇಮ್‌ವರ್ಕ್ ಆರಿಸಿಕೊಂಡರೂ ತಮ್ಮಿಬ್ಬರಲ್ಲಿ ಒಬ್ಬರು ಕೋಟ್ಲಿನ್ ಕಲಿಯುವುದು ತಪ್ಪುವುದಿಲ್ಲ. ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಬಳಕೆಗೆ ಬಳಕೆದಾರರ ಅನುಮತಿಯನ್ನು ಪ್ರತ್ಯೇಕವಾಗಿ ಕೇಳಬೇಕಾಗಿದೆ ಎಂಬುದನ್ನೂ ಗಮನದಲ್ಲಿಡಿ. ಹಳೆಯ ಉದಾಹರಣೆಗಳಲ್ಲಿ ಆ ಸಾಲು ಇರುವುದಿಲ್ಲ.

ಟ್ಯಾಬಿನ ವಿಷಯದಲ್ಲಿ ನಾವು ಮಾಡಿದ ದೊಡ್ಡ ತಪ್ಪೆಂದರೆ, ಆ್ಯಪ್ ತೆರೆಯುವಾಗಲೇ ಇದು ಟ್ಯಾಬೋ ಫೋನೋ ಎಂದು ಒಮ್ಮೆ ನಿರ್ಧರಿಸಿ, ಅದರಂತೆ ಎರಡು ಬೇರೆ ಬೇರೆ ಪರದೆಗಳನ್ನು ಕೊಟ್ಟದ್ದು. ಟ್ಯಾಬಿನಲ್ಲಿ ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ತೆರೆದಾಗ ನಮ್ಮ ಪಾಲಿಗೆ ಫೋನಿನಷ್ಟೇ ಅಗಲ ಉಳಿಯುತ್ತದೆ ಎಂಬುದು ಆಗ ಹೊಳೆದಿರಲಿಲ್ಲ. ಈಗ ಸಾಧನ ಯಾವುದೆಂದು ನೋಡುವುದನ್ನು ಬಿಟ್ಟು, ಆ ಕ್ಷಣ ಸಿಕ್ಕಿರುವ ಅಗಲವನ್ನು ಮಾತ್ರ ನೋಡುತ್ತೇವೆ. ಗೂಗಲ್‌ನ ವಿನ್ಯಾಸ ಸೂಚನೆಗಳು ಹೇಳುವಂತೆ ಅಗಲವು 600 ಡಿಪಿಗಿಂತ (ಡಿಪಿ ಎಂದರೆ ಆಂಡ್ರಾಯ್ಡಿನಲ್ಲಿ ಪರದೆಯನ್ನು ಅಳೆಯುವ ಏಕಮಾನ) ಕಡಿಮೆಯಿದ್ದರೆ ಒಂದೇ ಅಂಕಣ, 840 ದಾಟಿದರೆ ಎಡಕ್ಕೆ ಸದಸ್ಯರ ಪಟ್ಟಿ ಮತ್ತು ಬಲಕ್ಕೆ ತೂಕದ ನಮೂನೆ. ಇಲ್ಲಿಯೂ ಒಂದು ಪೆಟ್ಟು ತಿಂದೆವು: ಟ್ಯಾಬನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದೊಡನೆ ಅರ್ಧ ತುಂಬಿದ್ದ ನಮೂನೆ ಖಾಲಿಯಾಗುತ್ತಿತ್ತು, ಏಕೆಂದರೆ ವಿನ್ಯಾಸ ಬದಲಾದಾಗ ಫ್ಲಟರ್ ಹಳೆಯ ವಿಜೆಟನ್ನು (ಪರದೆಯ ಆ ತುಣುಕನ್ನು) ಅದರಲ್ಲಿ ಬರೆದಿದ್ದರ ಸಮೇತ ಕೈಬಿಡುತ್ತಿತ್ತು. ಬರೆದ ಅಂಕಿಗಳನ್ನು ವಿನ್ಯಾಸಕ್ಕಿಂತ ಮೇಲಿನ ಹಂತದಲ್ಲಿ ಇಟ್ಟುಕೊಂಡ ಮೇಲೆ ಅದು ಸರಿಹೋಯಿತು. ಪರದೆ ತಿರುಗದಂತೆ ಬೀಗ ಹಾಕಿಬಿಡೋಣ ಎಂದು ತಮಗೂ ಅನ್ನಿಸಬಹುದು. ಆದರೆ ಆಂಡ್ರಾಯ್ಡ್ 16ನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳು ಹಾಕುವ ಆ ಬೀಗವನ್ನು ದೊಡ್ಡ ಪರದೆಗಳಲ್ಲಿ ವ್ಯವಸ್ಥೆಯೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಗ್ಗದ ಟ್ಯಾಬಿನಲ್ಲಿ ಆ್ಯಪ್ ತೆವಳುತ್ತಿದೆ ಎಂದು ಗಾಬರಿಪಡುವ ಮೊದಲು ಅದು ತಪ್ಪು ಹುಡುಕಲೆಂದು ಕಟ್ಟುವ, ನಿಧಾನವಾಗಿ ಓಡುವ ಡೀಬಗ್ ಆವೃತ್ತಿಯೇ ಎಂದು ನೋಡಿಕೊಳ್ಳಿ. ವೇಗವನ್ನು ಅಳೆಯಬೇಕಾದದ್ದು ಬಿಡುಗಡೆಯ ಆವೃತ್ತಿಯಲ್ಲಿ.

ರಿಯಾಕ್ಟ್ ನೇಟಿವ್ ಬಳಸುತ್ತಿರುವವರು

ಮೇಲಿನವರ ಯಂತ್ರಗಳ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಆದರೆ ಜಾವಾಸ್ಕ್ರಿಪ್ಟ್ ಬರುವ ಇಬ್ಬರು ಡಾರ್ಟನ್ನೂ ಕೋಟ್ಲಿನನ್ನೂ ಒಟ್ಟಿಗೆ ಕಲಿಯಬೇಕೆಂಬುದು ನನಗೆ ದುಬಾರಿಯಾಗಿ ಕಾಣುತ್ತದೆ. 2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್‌ನಲ್ಲಿ ಜಾವಾಸ್ಕ್ರಿಪ್ಟಿಗೂ ಸಾಧನಕ್ಕೂ ನಡುವೆ ಇದ್ದ ನಿಧಾನಗತಿಯ ಸೇತುವೆಯ ಬಗ್ಗೆ ಬಹಳ ದೂರುಗಳಿದ್ದವು. 2024ರ 0.76ನೇ ಆವೃತ್ತಿಯಿಂದ ಆ ಸೇತುವೆಯಿಲ್ಲದ ಹೊಸ ರಚನೆಯೇ ತಾನಾಗಿ ಬರುವ ವ್ಯವಸ್ಥೆಯಾಗಿದೆ, ಆ ಹಳೆಯ ದೂರುಗಳನ್ನು ಓದಿ ಹಿಂಜರಿಯುವ ಅಗತ್ಯವಿಲ್ಲ. ಹೊಸ ರಚನೆಗೆ ಹೊಂದಿಕೊಳ್ಳದ ಹಳೆಯ ಪ್ಲಗಿನ್‌ಗಳು ಮಾತ್ರ ಇನ್ನೂ ಎದುರಾಗುತ್ತವೆ, ಮತ್ತು ದುರದೃಷ್ಟಕ್ಕೆ ಪ್ರಿಂಟರಿನ ಪ್ಲಗಿನ್‌ಗಳೇ ಆ ಗುಂಪಿನಲ್ಲಿ ಹೆಚ್ಚಾಗಿ ಸಿಗುತ್ತವೆ.

ಕನ್ನಡದ ಬಗ್ಗೆ ಯಾರೂ ಹೇಳಿಕೊಡದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತೇನೆ; ಇವು ಯಾವ ಫ್ರೇಮ್‌ವರ್ಕಿಗಾದರೂ ಅನ್ವಯಿಸುತ್ತವೆ. ಸದಸ್ಯರ ಹೆಸರಿಗೆ ನಾನು 12 ಅಕ್ಷರಗಳ ಮಿತಿ ಹಾಕಿದ್ದೆ. ‘ಲಕ್ಷ್ಮೀನಾರಾಯಣ’ ಎಂಬುದು ನಮ್ಮ ಕಣ್ಣಿಗೆ 6 ಅಕ್ಷರ, ಆದರೆ ಒತ್ತು, ಗುಣಿತಗಳನ್ನು ಬಿಡಿಬಿಡಿಯಾಗಿ ಎಣಿಸುವ ಜಾವಾಸ್ಕ್ರಿಪ್ಟಿಗೆ ಅದು 13. ಹೀಗಾಗಿ ಪಾಸ್‌ಬುಕ್ಕಿನಲ್ಲಿ ಆ ಹಿರಿಯರು ‘ಲಕ್ಷ್ಮೀನಾರಾಯ’ ಎಂದು ಕಾಣಿಸಿಕೊಂಡರು, ಮತ್ತು ಅದನ್ನು ಅವರು ನಗುತ್ತ ಸ್ವೀಕರಿಸಲಿಲ್ಲ. ಹೆಸರಿನ ಮೊದಲಕ್ಷರವನ್ನು ವೃತ್ತದೊಳಗೆ ತೋರಿಸುವ ಕಡೆ ‘ಶ್ರೀಕಂಠ’ ಎಂಬವರಿಗೆ ಬರೀ ‘ಶ’ ಬಂದದ್ದು ಇದೇ ಕಾರಣಕ್ಕೆ. ಇನ್ನೊಂದು ಕಡೆ, ಹೆಸರಿನ ಸುತ್ತಲಿನ ಖಾಲಿ ಜಾಗವನ್ನು ತೆಗೆಯುವ ನಮ್ಮ ಕೋಡು ಕಣ್ಣಿಗೆ ಕಾಣದ ಚಿಹ್ನೆಗಳನ್ನೆಲ್ಲ ಅಳಿಸುತ್ತಿದ್ದುದರಿಂದ, ಒತ್ತಕ್ಷರವಾಗದಂತೆ ತಡೆಯುವ ಚಿಹ್ನೆಯೂ ಅಳಿಸಿಹೋಗಿ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗುತ್ತಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿಯಾಗಿ ಕಟ್ಟಿಹಾಕಿದರೆ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಸಾಧನದಿಂದ ಸಾಧನಕ್ಕೆ ಅಕ್ಷರಗಳ ರೂಪ ಬದಲಾಗಬಾರದೆಂದಿದ್ದರೆ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟೊಂದನ್ನು ಆ್ಯಪ್‌ನೊಳಗೇ ಸೇರಿಸುವುದು ಒಳ್ಳೆಯದು.

ಹದಿನೈದು ವರ್ಷಗಳಿಂದ ಇದೇ ಕೆಲಸದಲ್ಲಿರುವವರು

ನಾನು ಶುರುಮಾಡಿದ್ದು ಇಂಥದೇ ಹಳೆಯ ಫ್ರೇಮ್‌ವರ್ಕಾದ ಫೋನ್‌ಗ್ಯಾಪ್‌ನಿಂದ. ಅದನ್ನು ಅಡೋಬಿ 2011ರಲ್ಲಿ ಕೊಂಡು, 2020ರಲ್ಲಿ ನಿಲ್ಲಿಸಿತು. ಅದರ ಮುಕ್ತ ರೂಪವಾದ ಕಾರ್ಡೋವಾ, ಅಪಾಚೆ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯಲ್ಲಿ ಉಳಿದುಕೊಂಡಿದೆ. ಆಮೇಲೆ ಇನ್ನೊಂದು ಫ್ರೇಮ್‌ವರ್ಕಾದ ಜಾಮರಿನ್‌ಗೆ ಹೋದೆ. ಅದನ್ನು ಮೈಕ್ರೋಸಾಫ್ಟ್ 2016ರಲ್ಲಿ ಕೊಂಡಾಗ ಇನ್ನು ಚಿಂತೆಯಿಲ್ಲ ಎಂದುಕೊಂಡಿದ್ದೆ. 2024ರ ಮೇ 1ಕ್ಕೆ ಅದರ ಬೆಂಬಲವೂ ಮುಗಿಯಿತು. ಎರಡು ಸಲವೂ ನನ್ನನ್ನು ಉಳಿಸಿದ್ದು, ಲೆಕ್ಕದ ನಿಯಮಗಳನ್ನು ಪರದೆಯ ಕೋಡಿನೊಂದಿಗೆ ಬೆರೆಸದೆ ಬೇರೆಯಾಗಿ ಇಟ್ಟಿದ್ದೇ. ತಮ್ಮ ವಿಷಯದಲ್ಲಿ ಹೇಳುವುದಾದರೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ಲೀಟರಿಗೆ ದರ ಹೇಳುವ ಕೋಷ್ಟಕಕ್ಕೆ ಪರದೆಯ ಸಂಗತಿಯೇ ತಿಳಿದಿರಬಾರದು. ದಾಖಲೆಗಳು ಟ್ಯಾಬಿನೊಳಗೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನಲ್ಲಿ ಇರಲಿ. ಪ್ರತಿ ದಾಖಲೆಗೂ ಟ್ಯಾಬಿನಲ್ಲಿಯೇ ಒಂದು ವಿಶಿಷ್ಟ ಗುರುತು ಕೊಟ್ಟುಬಿಟ್ಟರೆ, ನೆಟ್‌ವರ್ಕ್ ಅರ್ಧದಲ್ಲಿ ಹೋಗಿ ಅದೇ ದಾಖಲೆ ಎರಡು ಸಲ ಸರ್ವರಿಗೆ ಬಂದರೂ ಒಬ್ಬರ ಹಾಲು ಎರಡು ಸಲ ಲೆಕ್ಕಕ್ಕೆ ಬರುವುದಿಲ್ಲ.

ಪ್ಲಗಿನ್ ಆರಿಸುವಾಗ ಅದನ್ನು ಎಷ್ಟು ಜನ ಮೆಚ್ಚಿದ್ದಾರೆ ಎಂಬುದಕ್ಕಿಂತ, ಕಡೆಯ ಸಲ ಅದನ್ನು ಯಾವಾಗ ತಿದ್ದಿದ್ದಾರೆ ಎಂಬುದನ್ನು ನೋಡಿ. ಆಂಡ್ರಾಯ್ಡ್ 15 ಮತ್ತು ಅದರ ಮುಂದಿನವನ್ನು ಗುರಿಯಾಗಿಸಿಕೊಂಡ ಆ್ಯಪ್‌ಗಳು ಮೆಮೊರಿಯನ್ನು 16 ಕೆಬಿಯ ತುಂಡುಗಳಾಗಿ ಹಂಚುವ ಸಾಧನಗಳಿಗೆ ಹೊಂದಿಕೊಳ್ಳಬೇಕೆಂದು ಗೂಗಲ್ ಪ್ಲೇ 2025ರ ನವೆಂಬರಿನಿಂದ ನಿಯಮ ತಂದಾಗ, ಸಿ++ ಭಾಷೆಯ ಭಾಗಗಳಿದ್ದ ಹಳೆಯ ಪ್ಲಗಿನ್‌ಗಳನ್ನು ಮತ್ತೆ ಕಟ್ಟಿಕೊಡುವವರೇ ಇಲ್ಲದೆ ನಾನು ಎರಡನ್ನು ಕೈಬಿಡಬೇಕಾಯಿತು. ಅಯಾನಿಕ್ ಬಗ್ಗೆಯೂ ತಾವು ಕೇಳಿದ್ದೀರಿ: ಸದಸ್ಯರು ಲೆಕ್ಕ ನೋಡುವ ಭಾಗಕ್ಕೆ ಅದು ಧಾರಾಳವಾಗಿ ಸಾಕು, ತೂಕದ ಮೇಜಿಗೆ ನಾನದನ್ನು ತರುವುದಿಲ್ಲ.

ಕೋರಿಕೆ ಇಟ್ಟವರು

ಎಲ್ಲರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿದಿದೆ. ಸಂಘದ ಅಧ್ಯಕ್ಷರು ತಮ್ಮ ಮನೆಯ ಐಪ್ಯಾಡನ್ನೇ ಡೇರಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೋಡು ಹೇಗೂ ಎರಡಕ್ಕೂ ಒಂದೇ ಆಗಿರುವುದರಿಂದ ಒಪ್ಪಿಕೊಳ್ಳಬಹುದೇ?

ಫ್ಲಟರ್ ಬಳಸುತ್ತಿರುವವರು

ದಯವಿಟ್ಟು ಒಪ್ಪಿಕೊಳ್ಳಬೇಡಿ, ಕನಿಷ್ಠ ತೂಕದ ಮೇಜಿಗಂತೂ ಬೇಡ. ಅಗ್ಗದ ಪ್ರಿಂಟರುಗಳಲ್ಲಿ ಹಲವು ಹಳೆಯ ಬಗೆಯ ಬ್ಲೂಟೂತ್ ಸೀರಿಯಲ್ ಸಂಪರ್ಕವನ್ನು ಬಳಸುತ್ತವೆ. ಬೇರೆಯವರ ಉಪಕರಣಗಳಿಗೆ ಆಪಲ್ ಕೊಡುವ ಎಂಎಫ್‌ಐ ಎಂಬ ಮಾನ್ಯತೆ ಇಲ್ಲದ ಉಪಕರಣಗಳ ಜೊತೆ ಆ ಬಗೆಯ ಸಂಪರ್ಕಕ್ಕೆ ಐಪ್ಯಾಡ್ ಆ್ಯಪ್‌ಗಳಿಗೆ ಅವಕಾಶ ಕೊಡುವುದಿಲ್ಲ. ಕೋಡು ಒಂದೇ ಆದರೂ ಈ ಬಾಗಿಲು ತೆರೆಯುವುದಿಲ್ಲ. ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವ ಪ್ರಿಂಟರ್ ಆದರೆ ನಡೆಯುತ್ತದೆ, ಆದರೆ ತೂಕದ ಯಂತ್ರದ ಕೇಬಲಿನ ಪ್ರಶ್ನೆ ಆಗಲೂ ಹಾಗೆಯೇ ಉಳಿಯುತ್ತದೆ.

ಐಫೋನ್ ಇರುವ ನಾಲ್ಕೈದು ಸದಸ್ಯರ ವಿಚಾರದಲ್ಲಿಯೂ ಖರ್ಚು ಲೆಕ್ಕ ಹಾಕಿ ನೋಡಿ. ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ಗೆ ಪ್ರತಿ ವರ್ಷ 99 ಡಾಲರ್, ಅದರ ಮೇಲೆ ಆ್ಯಪನ್ನು ಕಟ್ಟುವುದಕ್ಕೆ ಒಂದು ಮ್ಯಾಕ್. ಅವರಿಗೆ ಲೆಕ್ಕ ತೋರಿಸಲು ಸದ್ಯಕ್ಕೆ ಬ್ರೌಸರಿನಲ್ಲಿ ತೆರೆಯುವ ಒಂದು ಪುಟ ಸಾಕಾದೀತು. ಪ್ಲೇ ಖಾತೆಯನ್ನು ತಮ್ಮ ಸ್ವಂತ ಹೆಸರಿನಲ್ಲಿ ಹೊಸದಾಗಿ ತೆರೆಯುವುದಾದರೆ, ಆ್ಯಪ್ ಪ್ರಕಟವಾಗುವ ಮೊದಲು 12 ಮಂದಿ ಸತತ 14 ದಿನ ಪರೀಕ್ಷಕರಾಗಿ ಸೇರಿರಬೇಕೆಂಬ ನಿಯಮವಿದೆ. ಡೇರಿಯ ಸದಸ್ಯರಲ್ಲಿಯೇ 12 ಜನರನ್ನು ಇವತ್ತೇ ಕೇಳಿಟ್ಟುಕೊಳ್ಳಿ.