ಕರೆಂಟ್ ಕೆಲಸಕ್ಕೆ ಯಾವ ಸ್ಕ್ರೂ ಡ್ರೈವರ್? ಬಳಸಿದವರು ಹೇಳಿ

ತುಮಕೂರಿನಿಂದ
ಹಳೇ ಮನೆ ತಗೊಂಡಿದ್ದೇವೆ. ಸ್ವಿಚ್, ಸಾಕೆಟ್ ಬದಲಿಸುವುದು, ಡಿ.ಬಿ. ಬಾಕ್ಸ್‌ನಲ್ಲಿ (ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಸ್ಕ್ರೂ ಬಿಗಿ ಮಾಡುವುದು, ಇಷ್ಟನ್ನು ನಾನೇ ಮಾಡಿಕೊಳ್ಳಬೇಕು ಅಂತಿದ್ದೇನೆ. 1,500 ರೂಪಾಯಿ ಒಳಗೆ ಒಳ್ಳೆ ಸ್ಕ್ರೂ ಡ್ರೈವರ್ ಯಾವುದು? ಸೆಟ್ ತಗೊಳ್ಳಲಾ, ಬಿಡಿ ತಗೊಳ್ಳಲಾ?

ಮೈಸೂರಿನಿಂದ
ನನಗೆ ಆಗಿದ್ದು ಕೇಳಿ. ಆನ್‌ಲೈನ್‌ನಲ್ಲಿ 349 ರೂಪಾಯಿಗೆ 31 ಬಿಟ್‌ಗಳ (ಹಿಡಿಗೆ ಸಿಕ್ಕಿಸುವ ತುದಿಗಳ) ಡಬ್ಬಿ ತರಿಸಿದ್ದೆ. ಗೀಸರ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬಿಸಿ ಆಗುತ್ತಿತ್ತು, ಸ್ಕ್ರೂ ಸಡಿಲ ಇರಬೇಕು ಅಂತ ಶನಿವಾರ ಸಂಜೆ ಮೈನ್ ಆಫ್ ಮಾಡಿ ಕೂತೆ. ಪ್ಲಸ್ ಆಕಾರದ ಸ್ಟಾರ್ ಬಿಟ್ ಹಾಕಿ ತಿರುಗಿಸಿದೆ, ಜಾರಿತು. ಇನ್ನೂ ಒತ್ತಿ ತಿರುಗಿಸಿದೆ. ಸ್ಕ್ರೂ ತಲೆ ಬಟ್ಟಲಿನ ಹಾಗೆ ಸವೆದುಹೋಯಿತು, ಬಿಟ್ಟಿನ ಮೂತಿಯೂ ಮುರಿಯಿತು. ವೈರ್ ಅರ್ಧ ಹೊರಗೆ. ಮೈನ್ ಹಾಕುವ ಹಾಗಿಲ್ಲ. ಭಾನುವಾರ ಯಾರೂ ಬರಲಿಲ್ಲ. ಸೋಮವಾರ ಬಂದವರಿಗೆ 600, ಹೊಸ ಎಂಸಿಬಿ 260, ಆಟೋ 80. ದೋಸೆ ಹಿಟ್ಟು, ಎರಡು ಲೀಟರ್ ಹಾಲು ಹಾಳು. ಅಮ್ಮನ ಇನ್ಸುಲಿನ್ ಪಕ್ಕದ ಮನೆ ಫ್ರಿಜ್‌ನಲ್ಲಿ ಇಟ್ಟೆವು.

ಬಂದವರು ಟಾರ್ಚ್ ಹಿಡಿದು ತೋರಿಸಿದರು. ಸ್ಕ್ರೂ ತಲೆಯಲ್ಲಿರುವುದು ಬರೀ ಪ್ಲಸ್ ಅಲ್ಲ. ಪ್ಲಸ್ ಗೆರೆಗಳ ಮಧ್ಯೆ ಕೂದಲಿನಷ್ಟು ಸಣ್ಣ ಇನ್ನೂ ನಾಲ್ಕು ಗೆರೆ. ಪೋಜಿಡ್ರೈವ್ ಅಂತೆ. ಅದಕ್ಕೆ ಪಿ.ಝಡ್. 2 ಬೇಕು. ಅಂಗಡಿಯಲ್ಲಿ ಸ್ಟಾರ್ ಅಂತ ಕೊಡುವುದು ಪಿ.ಎಚ್. 2. ಪಿ.ಎಚ್. ತುದಿ ಮೊನಚು, ಪಿ.ಝಡ್. ಮೊಂಡು. ಇಷ್ಟು ಗೊತ್ತಾಗಲು 940 ರೂಪಾಯಿ, ಎರಡು ರಾತ್ರಿ ಕತ್ತಲೆ.

ಹಾಸನದ ವೈರ್‌ಮನ್
22 ವರ್ಷದಿಂದ ಇದೇ ಕೆಲಸ. ತಪಾರಿಯಾ ಬಿಟ್ಟು ಬೇರೆ ಕೈಗೆ ಹಿಡಿದಿಲ್ಲ. ಮೊದಲು ತಗೊಂಡ ಚಪ್ಪಟೆ ಡ್ರೈವರ್ ಇವತ್ತಿಗೂ ಚೀಲದಲ್ಲಿದೆ. ತುದಿ ದುಂಡಗಾದಾಗ ಅರ ಹಿಡಿದು ನಿಧಾನಕ್ಕೆ ಉಜ್ಜಿಕೊಳ್ಳುತ್ತೇನೆ. ಗ್ರೈಂಡರ್‌ಗೆ ಹಿಡಿದರೆ ಬಿಸಿಯಾಗಿ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಅದು ತಗಡು. ಮೈಸೂರಿನ ಮೇಡಂ, ನಿಮ್ಮ ಎಂಸಿಬಿಯ ಆ ಸ್ಕ್ರೂಗೆ ಸಾಮಾನ್ಯವಾಗಿ ಚಪ್ಪಟೆ ಗೆರೆಯೂ ಇರುತ್ತದೆ. ಗೆರೆಯ ಅಗಲಕ್ಕೆ ತುಂಬಿ ಕೂರುವ ಡ್ರೈವರ್ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಕೈಯ ತಪ್ಪಿಗೆ ಬಿಟ್ಟನ್ನು ಬೈಯಬೇಡಿ.

ಮೈಸೂರಿನಿಂದ
ಕೈಯ ತಪ್ಪಲ್ಲ ಸರ್. ಗೆರೆ ಇರುವುದನ್ನು ಯಾರೂ ಹೇಳಿಕೊಡಲಿಲ್ಲ. ನಿಮಗೆ 22 ವರ್ಷ ಆಗಿದೆ, ನನಗೆ ಅದು ಮೊದಲ ಸಲ.

ಪೀಣ್ಯದಿಂದ
ಪ್ಯಾನೆಲ್ ಬೋರ್ಡ್ ಜೋಡಿಸುವ ಕೆಲಸ ನಂದು. ದಿನಕ್ಕೆ ಮುನ್ನೂರು ಟರ್ಮಿನಲ್ (ವೈರ್ ಸಿಕ್ಕಿಸುವ ಜಾಗ) ಬಿಗಿ ಮಾಡುತ್ತೇನೆ. ವೆರಾ, ವೀಹಾ, ಈ ಎರಡು ಕಂಪನಿಯದ್ದೇ. ಹಿಡಿಗೆ ಪ್ಲಾಸ್ಟಿಕ್ ಇದ್ದರೆ ಸಾಲದು, ರಾಡ್‌ಗೂ ತುದಿವರೆಗೆ ಕವಚ ಇರಬೇಕು. ಎರಡು ತ್ರಿಕೋನದ ಗುರುತು, ಪಕ್ಕದಲ್ಲಿ 1000 ವೋಲ್ಟ್, ಐಇಸಿ 60900 (ಇಂಥ ಉಪಕರಣಗಳ ಅಂತರರಾಷ್ಟ್ರೀಯ ಗುಣಮಟ್ಟ) ಅಂತ ಇರಬೇಕು. ಅಂಥದ್ದನ್ನು ಒಂದೊಂದಾಗಿ 10,000 ವೋಲ್ಟ್‌ನಲ್ಲಿ ಪರೀಕ್ಷೆ ಮಾಡಿರುತ್ತಾರೆ. ಕವಚ ದಪ್ಪ ಇದ್ದರೆ ಟರ್ಮಿನಲ್ ತೂತಿಗೆ ಇಳಿಯುವುದಿಲ್ಲ, ತೆಳು ರಾಡ್‌ನದ್ದೇ ನೋಡಿ ತಗೊಳ್ಳಬೇಕು. ನಾನು 900 ಕೊಟ್ಟು ತಂದಿದ್ದು ಮೂರೇ ತಿಂಗಳಿಗೆ ಕಾಣೆ. ಶಿಫ್ಟ್ ಬದಲಾಗುವಾಗ ಯಾರೋ ಎತ್ತಿಕೊಂಡರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಸನದ ವೈರ್‌ಮನ್
1000 ಅಂತ ಬರೆದಿದೆ ಅಂತ ಹುಡುಗರು ಲೈನ್ ಇರುವಾಗಲೇ ಕೈ ಹಾಕುತ್ತಾರೆ. ಅದಕ್ಕೂ ನೀವೇ ಹೊಣೆ ಹೊರುತ್ತೀರಾ?

ಪೀಣ್ಯದಿಂದ
ಲೈನ್‌ನಲ್ಲಿ ಕೈ ಹಾಕಿ ಅಂತ ನಾನೆಲ್ಲಿ ಹೇಳಿದೆ ಅಣ್ಣಾ? ಆಫ್ ಮಾಡಿದ್ದೇವೆ ಅಂದುಕೊಂಡದ್ದು ಆಫ್ ಆಗಿರದಿದ್ದರೆ ಆ ಕವಚ ಬೇಕು. ಸಾದಾ ರಾಡ್‌ಗೆ ಟೇಪ್ ಸುತ್ತಿಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ಟೇಪ್ ಆ ಕವಚಕ್ಕೆ ಸಮ ಅಲ್ಲ.

ಹುಬ್ಬಳ್ಳಿಯಿಂದ
ಟೆಸ್ಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಮಾವ ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತು ಟೆಸ್ಟರ್ ಇಟ್ಟರು. ಮಧ್ಯಾಹ್ನದ ಬೆಳಕು, ದೀಪ ಕಾಣಲಿಲ್ಲ. ಕರೆಂಟ್ ಇಲ್ಲ ಅಂತ ವೈರ್ ಹಿಡಿದರು. ಬಿದ್ದು ಮಣಿಕಟ್ಟು ಮುರಿಯಿತು. ಟೆಸ್ಟರ್ ದೀಪ ಉರಿಯುವುದೇ ನಮ್ಮ ಮೈ ಮೂಲಕ ಹರಿಯುವ ಚೂರು ಕರೆಂಟ್‌ನಿಂದ. ಕುರ್ಚಿ ಮೇಲೆ ನಿಂತರೆ ಅದು ಮಂಕು. ಪ್ಲಾಸ್ಟರ್, ಎಕ್ಸ್‌ರೇ, ಓಡಾಟ ಸೇರಿ 11,000 ದಾಟಿತು. ಅದೇ ಟೆಸ್ಟರ್ ಅನ್ನೇ ಸ್ಕ್ರೂ ಡ್ರೈವರ್ ಮಾಡಿಕೊಂಡು ಬಿಗಿ ಮಾಡುವವರೂ ಇದ್ದಾರೆ. ತಿರುಚಿದಾಗ ಒಳಗೆ ಕರೆಂಟ್ ತಡೆಯುವ ರೆಸಿಸ್ಟರ್ ಸುತ್ತ ಬಿರುಕು ಬಿಟ್ಟರೆ ಗತಿ ಏನು?

ಹಾಸನದ ವೈರ್‌ಮನ್
ನಾನು ದಿನಾ ಟೆಸ್ಟರ್ ಇಟ್ಟೇ ನೋಡುವುದು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಫೇಸ್‌ಗೆ ಇಟ್ಟು ನೋಡಿಕೊಂಡರೆ ಮೋಸ ಆಗಲ್ಲ.

ಹುಬ್ಬಳ್ಳಿಯಿಂದ
ನಿಮಗೆ ಆಗಿಲ್ಲ, ನಮಗೆ ಆಗಿದೆ. ಅಷ್ಟೇ ರೀ. ಈಗ ಮನೆಯಲ್ಲಿ ಕರೆಂಟ್ ಇದೆಯಾ ನೋಡಲು ಮಲ್ಟಿಮೀಟರ್ ಇಟ್ಟಿದ್ದೇವೆ.

ತುಮಕೂರಿನಿಂದ
ಸೆಟ್ಟಾ ಬಿಡಿನಾ ಅಂತ ಇನ್ನೂ ಗೊತ್ತಾಗಲಿಲ್ಲ. ಟಾರ್ಚ್ ಹಾಕಿ ನೋಡಿದೆ, ಮೈಸೂರಿನವರು ಹೇಳಿದ ನಾಲ್ಕು ಗೆರೆ ನಮ್ಮಲ್ಲೂ ಇವೆ. ಮೈನ್ ಸ್ವಿಚ್ಚಿನ ಮೇಲಿನ ಒಂದು ವೈರ್ ತುದಿ ಕಪ್ಪಾಗಿದೆ, ಪ್ಲಾಸ್ಟಿಕ್ ಕರಗಿದ ಹಾಗಿದೆ. ಪಿ.ಝಡ್. 2 ತಂದು ಬಿಗಿ ಮಾಡಲಾ?

ಹಾಸನದ ವೈರ್‌ಮನ್
ಬೇಡ. ಅದು ಸಾಮಾನ್ಯವಾಗಿ ಮೀಟರ್ ಕಡೆಯಿಂದ ಬರುವ ವೈರ್. ಮೈನ್ ಆಫ್ ಮಾಡಿದರೂ ಆ ಕಡೆ ಕರೆಂಟ್ ಇದ್ದೇ ಇರುತ್ತದೆ. ಸುಟ್ಟ ತುದಿಯನ್ನು ಬಿಗಿ ಮಾಡಿ ಪ್ರಯೋಜನ ಇಲ್ಲ, ಕತ್ತರಿಸಿ ಹೊಳೆಯುವ ತಾಮ್ರ ಬರುವವರೆಗೆ ಬಿಡಿಸಬೇಕು. ಮೀಟರ್ ಹತ್ತಿರ ಫ್ಯೂಸ್ ತೆಗೆಸಿ, ಲೈಸೆನ್ಸ್ ಇರುವವರಿಂದ ಮಾಡಿಸಿ. ಅಲ್ಲಿವರೆಗೆ ಗೀಸರ್ ಹಾಕಬೇಡಿ.

ಪೀಣ್ಯದಿಂದ
ಇದಕ್ಕೆ ಅಣ್ಣ ಹೇಳಿದ್ದೇ ಸರಿ. ಇವತ್ತೇ ಕರೆಸಿ.