ಬಲಗೆನ್ನೆಗೆ ಹಾಕಿದ ಕೊಬ್ಬು ನಿಲ್ಲುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸಗೈ: ಮುಖದ ಕೊಬ್ಬಿನ ಕಸಿ ಆರಂಭಿಸಿ ಒಂದೂವರೆ ವರ್ಷವಾಯಿತು. ಹೊಟ್ಟೆಯಿಂದ ಕೊಬ್ಬು ತೆಗೆದು ನಿಮಿಷಕ್ಕೆ 3000 ಸುತ್ತಿನಂತೆ ಮೂರು ನಿಮಿಷ ಸೆಂಟ್ರಿಫ್ಯೂಜ್ ಮಾಡುತ್ತೇನೆ. ಮೇಲೆ ತೇಲಿದ ಎಣ್ಣೆಯನ್ನೂ ತಳದ ರಕ್ತಮಿಶ್ರಿತ ನೀರನ್ನೂ ಚೆಲ್ಲಿ ನಡುವಿನ ಪದರವನ್ನಷ್ಟೇ ಬಳಸುತ್ತೇನೆ. ಎರಡನೇ ವಾರ ಕೆನ್ನೆ ತುಂಬಿ ಚೆನ್ನಾಗಿ ಕಾಣುತ್ತದೆ. ನಾಲ್ಕನೇ ತಿಂಗಳಿಗೆ ಬಹುಪಾಲು ಮಾಯ. ಬಲಗೆನ್ನೆಯೇ ಯಾವಾಗಲೂ ಹೆಚ್ಚು ಇಳಿಯುತ್ತದೆ. ಪಿಆರ್‌ಪಿ (ರೋಗಿಯದೇ ರಕ್ತದಿಂದ ತೆಗೆದ, ಪ್ಲೇಟ್ಲೆಟ್ ಹೆಚ್ಚಿರುವ ದ್ರವ) ಬೆರೆಸಿ ನೋಡಲೇ?

ಹಳೆಗತ್ತರಿ: ಪಿಆರ್‌ಪಿ ಆಮೇಲೆ. ಮೊದಲು ಎರಡನೇ ವಾರದ ಫೋಟೋ ಬದಿಗಿಡಿ, ಅದರಲ್ಲಿ ಕಾಣುವುದು ಅರ್ಧ ಊತ. ಮೂರರಿಂದ ಆರು ತಿಂಗಳಿಗೆ ಉಳಿದದ್ದೇ ನಿಜವಾದ ಲೆಕ್ಕ. ಈಗ ಮೂರು ಪ್ರಶ್ನೆ: ಯಾವ ಸಿರಿಂಜ್? ಒಂದು ಎಳೆತಕ್ಕೆ ಎಷ್ಟು ಬಿಡುತ್ತೀರಿ? ಮೊದಲು ಯಾವ ಕೆನ್ನೆ?

ಹೊಸಗೈ: 3 ಮಿ.ಲೀ. ಸಿರಿಂಜ್, ಒಂದು ಸಲಕ್ಕೆ ಸುಮಾರು 0.5 ಮಿ.ಲೀ. ಮೊದಲು ಎಡ, ಆಮೇಲೆ ಬಲ. ಉಳಿದ ಕೊಬ್ಬು ಅಷ್ಟು ಹೊತ್ತು ಸ್ಟೀಲ್ ಬಟ್ಟಲಿನಲ್ಲಿರುತ್ತದೆ.

ಹಳೆಗತ್ತರಿ: ಸಿಕ್ಕಿತು. ಬಲಗೆನ್ನೆ ಪಾಪ ಏನೂ ಮಾಡಿಲ್ಲ, ಅದರ ಪಾಲಿನ ಕೊಬ್ಬು ತೆರೆದ ಬಟ್ಟಲಿನಲ್ಲಿ ಒಣಗುತ್ತಾ ಸರದಿ ಕಾಯುತ್ತಿದೆ. ಮುಚ್ಚಿದ ಸಿರಿಂಜ್‌ನಲ್ಲೇ ಇಡಿ. ಎರಡೂ ಕೆನ್ನೆಗೆ ಬೇಕಾದಷ್ಟನ್ನು ಒಟ್ಟಿಗೆ ತೆಗೆದಿಟ್ಟುಕೊಳ್ಳುವ ಬದಲು ಬಲಗೆನ್ನೆಯದನ್ನು ಎಡ ಮುಗಿದ ಮೇಲೆ ತೆಗೆಯಿರಿ.

ದೊಡ್ಡ ತಪ್ಪು ಆ 0.5 ಮಿ.ಲೀ. ಅಷ್ಟೂ ಒಂದೇ ಕಡೆ ಕುಳಿತರೆ ಸುಮಾರು ಒಂದು ಸೆಂಟಿಮೀಟರ್ ಅಡ್ಡಳತೆಯ ಉಂಡೆ, ಅಂದರೆ ಅಂಚಿನಿಂದ ನಡುವಿಗೆ ಐದು ಮಿಲಿಮೀಟರ್. ಮೊದಲ ದಿನಗಳಲ್ಲಿ ಕಸಿಗೆ ತನ್ನದೇ ರಕ್ತನಾಳ ಇರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಜಿನುಗಿ ಬರುವ ಆಮ್ಲಜನಕವೇ ಗತಿ, ಅದು ಒಳಕ್ಕೆ ಹೋಗುವುದು ಎರಡು ಮಿಲಿಮೀಟರ್ ಒಳಗೇ. ಅಂಚಿನ ಕೊಬ್ಬಿನ ಕೋಶ ಬದುಕುತ್ತದೆ. ಅದರ ಒಳಪದರದಲ್ಲಿ ಕೊಬ್ಬಿನ ಕೋಶ ಒಂದು ದಿನದೊಳಗೆ ಸತ್ತರೂ ಗಟ್ಟಿಜೀವದ ಆಕರಕೋಶಗಳು (ಸ್ಟೆಮ್ ಸೆಲ್) ಮೂರು ದಿನದವರೆಗೆ ತಡೆದುಕೊಂಡು ಹೊಸ ಕೊಬ್ಬು ಕಟ್ಟಬಲ್ಲವು. ನಟ್ಟನಡುವೆ ಉಳಿಯುವುದು ಎಣ್ಣೆಗಂಟು.

ಅದೇ 0.1 ಮಿ.ಲೀ.ಯನ್ನು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಎಳೆದರೆ ದಪ್ಪ ಎರಡು ಮಿಲಿಮೀಟರ್ ಕೂಡ ಆಗದು. ಆದ್ದರಿಂದ 1 ಮಿ.ಲೀ. ಸಿರಿಂಜ್, ಮೊಂಡು ತುದಿಯ ಕ್ಯಾನುಲಾ (ಸೂಜಿಯಂತಹ ಟೊಳ್ಳು ಕೊಳವೆ). ಕ್ಯಾನುಲಾವನ್ನು ಹಿಂದಕ್ಕೆ ಎಳೆಯುವಾಗಲಷ್ಟೇ ಒತ್ತಿ, ಪ್ರತಿ ಸಲ ಹೊಸ ದಾರಿ, ಹೊಸ ಆಳ. ಕೈ ನೋಯುತ್ತದೆ, ನೋಯಲಿ.

ಪ್ರಯೋಗಶಾಲೆ: ಒಂದು ಸೇರಿಸುತ್ತೇನೆ. ‘3000 ಸುತ್ತು’ ಎಂಬುದಕ್ಕೆ ಅಷ್ಟಕ್ಕೇ ಅರ್ಥವಿಲ್ಲ. ಯಂತ್ರದ ತಿರುಗುವ ಭಾಗ, ಅಂದರೆ ರೋಟರ್, ದೊಡ್ಡದಾದರೆ ಅದೇ ಸುತ್ತಿಗೆ ಬಲ ಹೆಚ್ಚು. ಕೊಬ್ಬಿನ ಕಸಿಯ ಕೋಲ್ಮನ್ ವಿಧಾನದ 3000 ಎಂದರೆ ಸುಮಾರು 1200 ಜಿ, ಅಂದರೆ ಗುರುತ್ವಬಲದ 1200 ಪಟ್ಟು. ನಿಮ್ಮ ಯಂತ್ರದಲ್ಲಿ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿ. ಎಣ್ಣೆಯ ಪದರ ದಪ್ಪವಾಗಿದ್ದರೆ ಕೋಶಗಳು ಒಡೆದಿವೆ ಎಂದರ್ಥ. ಆಗ ಹೀರುವ ಒತ್ತಡವನ್ನೂ ಅನುಮಾನಿಸಿ, ಸಿರಿಂಜ್‌ನ ಪಿಸ್ಟನ್ ಪೂರ್ತಿ ಎಳೆದು ಹಿಡಿಯಬೇಡಿ.

ಹಳೆಗತ್ತರಿ: ಹೇಗೂ ಕರಗುತ್ತದೆ ಎಂದು ಹೆಚ್ಚು ತುಂಬುವ ಆಸೆಗೆ ಬೀಳಬೇಡಿ, ಕಣ್ಣಿನ ಕೆಳಗಂತೂ ಬೇಡವೇ ಬೇಡ. ಕಿಕ್ಕಿರಿದಷ್ಟೂ ಒಳಗಿನ ಒತ್ತಡ ಏರಿ ರಕ್ತ ಬರುವುದೇ ಕಡಿಮೆಯಾಗುತ್ತದೆ. ಹುಬ್ಬುಗಳ ನಡುವೆ ಜೋರಾಗಿ ಒತ್ತಿದರೆ ಕೊಬ್ಬು ರಕ್ತನಾಳ ಹೊಕ್ಕು ದೃಷ್ಟಿಯೇ ಹೋಗಬಹುದು. ತುಟಿಯಂತಹ ಸದಾ ಅಲುಗಾಡುವ ಜಾಗದಲ್ಲಿ ಕೆನ್ನೆಯಷ್ಟು ನಿಲ್ಲುವುದಿಲ್ಲ, ರೋಗಿಗೆ ಮೊದಲೇ ಹೇಳಿ. ಧೂಮಪಾನ, ತೂಕ ವಿಚಾರಿಸಿದಿರಾ?

ಹೊಸಗೈ: ಧೂಮಪಾನ ಕೇಳುತ್ತೇನೆ, ತೂಕ ಬರೆದಿಟ್ಟಿರಲಿಲ್ಲ. ಹಳೆಯ ಕಡತ ತೆಗೆದು ಫೋನ್ ಮಾಡಿದೆ. ಒಬ್ಬರು ಈ ನಡುವೆ ಆರು ಕಿಲೋ ಇಳಿದಿದ್ದಾರಂತೆ!

ಹಳೆಗತ್ತರಿ: ಅವರ ಕೆನ್ನೆಯನ್ನು ನಿಮ್ಮ ಲೆಕ್ಕದಿಂದ ತೆಗೆಯಿರಿ. ಹೊಟ್ಟೆಯ ಕೊಬ್ಬು ಮುಖಕ್ಕೆ ಬಂದರೂ ಬುದ್ಧಿ ಹೊಟ್ಟೆಯದೇ, ಮೈ ಇಳಿದರೆ ಅದೂ ಇಳಿಯುತ್ತದೆ.

ಹೊಸಗೈ (ಐದು ತಿಂಗಳ ಬಳಿಕ): 1 ಮಿ.ಲೀ. ಸಿರಿಂಜ್‌ಗೆ ಬದಲಾದ ಮೇಲೆ ನಾಲ್ವರಿಗೆ ಮಾಡಿದೆ. ಮೊದಲ ಇಬ್ಬರಿಗೆ ನಾಲ್ಕು ತಿಂಗಳು ತುಂಬಿದೆ, ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣುತ್ತಿಲ್ಲ. ಶಸ್ತ್ರಚಿಕಿತ್ಸೆಗೆ ನಲವತ್ತು ನಿಮಿಷ ಹೆಚ್ಚು ಹಿಡಿಯುತ್ತಿದೆ, ಅರಿವಳಿಕೆ ತಜ್ಞರು ಗಡಿಯಾರ ನೋಡುತ್ತಾರೆ. ಪಿಆರ್‌ಪಿ ಇನ್ನೂ ಮುಟ್ಟಿಲ್ಲ.