ಸೆಪ್ಸಿಸ್ (ಸೋಂಕಿನಿಂದ ಅಂಗಾಂಗ ಕೆಡುವ ಸ್ಥಿತಿ) ಕೇಸು, ಪಾಳಿಯಲ್ಲಿ ಒಬ್ಬರೇ ನರ್ಸ್: ಮೊದಲು ಯಾವುದು?

ಸ್ಟಾಫ್ ನರ್ಸ್, ಮೂಡಿಗೆರೆ:
ಕಾಫಿ ತೋಟದಲ್ಲಿ ಕೆಲಸ ಮಾಡುವ ಹೆಂಗಸು, 50 ಕೆ.ಜಿ., ಆರು ದಿನದ ಜ್ವರ. ಬಿಪಿ 84/46, ನಾಡಿ 128, ಉಸಿರು 30, ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 89, ಮಾತು ತಡವರಿಸುತ್ತದೆ. ಇಂಥ ಕೇಸಿಗೆ ಡಾಕ್ಟರ್ ಆಕ್ಸಿಜನ್, ಕಲ್ಚರ್ (ರೋಗಾಣು ಪತ್ತೆಯ ರಕ್ತ ಪರೀಕ್ಷೆ), ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯೋಟಿಕ್, ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್), ಮೂತ್ರದ ಕ್ಯಾತಿಟರ್ ಎಲ್ಲ ಒಟ್ಟಿಗೇ ಬರೆದರೆ ಯಾವುದನ್ನು ಮೊದಲು ಹಿಡಿಯಬೇಕು?

ಐಸಿಯು ನರ್ಸ್, ಹಾಸನ:
ಮೊದಲು ಆಕ್ಸಿಜನ್, ಸ್ಯಾಚುರೇಶನ್ 94ರ ಆಸುಪಾಸಿಗೆ ಬಂದರೆ ಸಾಕು. ಎರಡೂ ಕೈಗೆ ಹಸಿರು ಕ್ಯಾನುಲಾ (ಡ್ರಿಪ್ ಸೂಜಿನಳಿಕೆ), 18 ಗೇಜ್. ಕಲ್ಚರಿಗೆ ಎರಡು ಬೇರೆ ಜಾಗದಿಂದ ಚುಚ್ಚಿ, ಬಾಟಲಿಗೆ 8ರಿಂದ 10 ಎಂ.ಎಲ್. ಹಾಕಿ, ಶುಗರ್, ಕ್ರಿಯಾಟಿನಿನ್‌ಗೂ ಆಗಲೇ ತೆಗೆದುಬಿಡಿ. ಕಲ್ಚರ್ ಬಾಟಲಿ ಫ್ರಿಜ್ಜಿಗೆ ಹೋಗಬಾರದು. ನರ (ವೇನ್) ಸಿಗದೆ ತಡವಾದರೆ ಕಲ್ಚರಿಗಾಗಿ ಆ್ಯಂಟಿಬಯೋಟಿಕ್ ಕಾಯಿಸಬೇಡಿ, ಅದು ಒಂದು ಗಂಟೆಯೊಳಗೆ ಹೋಗಲೇಬೇಕು. ಕ್ಯಾತಿಟರ್ ಕೊನೆಗೆ.

ಹೆಚ್ಚು ತಪ್ಪಾಗುವುದು ಇಲ್ಲಿ: ಆರ್‌ಎಲ್ ಓಡುತ್ತಿರುವ ಲೈನಿಗೇ ಸೆಫ್ಟ್ರಿಯಾಕ್ಸೋನ್ ಕೊಡುವುದು. ಆರ್‌ಎಲ್‌ನ ಕ್ಯಾಲ್ಸಿಯಂ ಜೊತೆ ಸೇರಿ ಔಷಧ ಹರಳುಗಟ್ಟುತ್ತದೆ. ಇನ್ನೊಂದು ಕೈಯ ಲೈನಿಗೆ ಕೊಡಿ. ಒಂದೇ ಲೈನ್ ಇದ್ದರೆ ಆರ್‌ಎಲ್ ನಿಲ್ಲಿಸಿ, ಸಲೈನ್ ಹಾಕಿ ಲೈನ್ ತೊಳೆದು, ಆಮೇಲೆ ಕೊಡಿ.

ನರ್ಸಿಂಗ್ ಬೋಧಕಿ, ಚಿಕ್ಕಮಗಳೂರು:
ಸಿಸ್ಟರ್, ತೋಟದವರ ಜ್ವರ ಅಂದರೆ ಬಟ್ಟೆ ಸರಿಸಿ ನೋಡಲೇಬೇಕು. ಕಂಕುಳು, ತೊಡೆಸಂದು, ಸ್ತನದ ಅಡಿ, ಲಂಗದ ಲಾಡಿ ಕಟ್ಟುವ ಜಾಗ. ಬೀಡಿಯಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಇದ್ದರೆ ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ) ಅನುಮಾನ ಬರಬೇಕು. ಅದು ನೋಯುವುದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಅದಕ್ಕೆ ನಾಟದು, ಡಾಕ್ಸಿಸೈಕ್ಲಿನ್ ಬೇಕು. ಕಂಡ ತಕ್ಷಣ ಡಾಕ್ಟರಿಗೆ ಹೇಳಿ.

ಫ್ಲೂಯಿಡ್ ಕೆ.ಜಿ.ಗೆ 30 ಎಂ.ಎಲ್., ಅಂದರೆ ಇವರಿಗೆ ಮೂರು ಗಂಟೆಯೊಳಗೆ 1,500. ಪ್ರತಿ 500 ಮುಗಿದಾಗ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿ. ಈ ಜ್ವರಗಳಲ್ಲಿ ಶ್ವಾಸಕೋಶಕ್ಕೆ ನೀರು ಬೇಗ ಇಳಿಯುತ್ತದೆ. ಬುಡದಲ್ಲಿ ಗರಗರ ಕೇಳಿದರೆ, ಉಸಿರು ಏರಿದರೆ ಡ್ರಿಪ್ ನಿಧಾನ ಮಾಡಿ ಡಾಕ್ಟರನ್ನು ಕರೆಯಿರಿ.

ಸ್ಟಾಫ್ ನರ್ಸ್, ಮೂಡಿಗೆರೆ:
ಅಂಗಾಂಗಕ್ಕೆ ರಕ್ತ ಸಾಲುತ್ತಿದೆಯಾ ಅಂತ ತಿಳಿಯಲು ರಕ್ತದ ಲ್ಯಾಕ್ಟೇಟ್ ನೋಡುವ ಸೌಲಭ್ಯ ಇಲ್ಲದ ಕಡೆ?

ಐಸಿಯು ನರ್ಸ್, ಹಾಸನ:
ಬೆರಳ ತುದಿ ಬಿಳಿಚುವವರೆಗೆ 10 ಸೆಕೆಂಡ್ ಒತ್ತಿ ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚಾದರೆ ರಕ್ತ ಇನ್ನೂ ತುದಿಗೆ ತಲುಪುತ್ತಿಲ್ಲ. ಮಳೆಗಾಲದ ಚಳಿಗೆ ತಣ್ಣಗಾದ ಕೈ ಸುಳ್ಳು ಹೇಳುತ್ತದೆ, ಬೆಚ್ಚಗೆ ಮಾಡಿ ನೋಡಿ. ಮೂತ್ರ ಗಂಟೆಗೆ 25 ಎಂ.ಎಲ್. ಆದರೂ ಬರಬೇಕು. 84/46ಕ್ಕೆ ಮ್ಯಾಪ್ (ಸರಾಸರಿ ಬಿಪಿ) ಸುಮಾರು 59, ಬೇಕಾದ್ದು 65. ಏರದಿದ್ದರೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಆರ್ಡರ್ ಕೇಳಿ. ಸೆಂಟ್ರಲ್ ಲೈನಿಗೆ (ಹೃದಯದ ಹತ್ತಿರದ ದೊಡ್ಡ ವೇನ್‌ಗೆ ಹಾಕುವ ನಳಿಕೆ) ಕಾಯಬೇಕಿಲ್ಲ, ಮೊಣಕೈ ಮಡಿಕೆಯ ದೊಡ್ಡ ವೇನ್‌ನಲ್ಲೇ ಶುರು ಮಾಡಬಹುದು. ಆ ಕೈಗೆ ಬಿಪಿ ಪಟ್ಟಿ ಕಟ್ಟಬೇಡಿ. ಚರ್ಮ ಬಿಳಿಚಿದೆಯಾ, ಊದಿದೆಯಾ ಅಂತ ಆಗಾಗ ನೋಡುತ್ತಿರಿ. 108ರಲ್ಲಿ ಹಾಸನಕ್ಕೆ ಕಳಿಸುವುದಾದರೆ ಆ್ಯಂಟಿಬಯೋಟಿಕ್ ಹೋದ ಸಮಯ, ಹೋದ ಫ್ಲೂಯಿಡ್ ಎಷ್ಟು ಅನ್ನುವುದನ್ನು ರೆಫರಲ್ ಚೀಟಿಯ ಮೇಲ್ಗಡೆಯೇ ದೊಡ್ಡದಾಗಿ ಬರೆಯಿರಿ.